ಕುಲವಿಲ್ಲದ ವಾದ್ಯ, ಕುಲವಿರುವ ಕೈ

ಸಂಗೀತಕ್ಕೆ ಜಾತಿಯಿಲ್ಲ ಅನ್ನುವ ಮಾತು ನಮ್ಮಲ್ಲಿ ಬಹಳ ಸಲೀಸಾಗಿ ಓಡಾಡುತ್ತದೆ. ಇದನ್ನು ಹೇಳುವವರು ಸಾಮಾನ್ಯವಾಗಿ ಕಚೇರಿಯ ಮುಂದಿನ ಸಾಲಿನಲ್ಲಿ ಕೂತವರು. ಮೃದಂಗಕ್ಕೆ ಚರ್ಮ ಹದ ಮಾಡಿ ಬಾರು ಎಳೆದು ಬಿಗಿಯುವವರ ಬಾಯಲ್ಲಿ ಈ ಮಾತನ್ನು ನಾನಂತೂ ಕೇಳಿಲ್ಲ. ದೇಶದ ಗಡಿ ದಾಟಿದರೆ ಈ ಮಾತಿಗೆ ಇನ್ನೂ ಹುಮ್ಮಸ್ಸು ಬಂದುಬಿಡುತ್ತದೆ. ಆಫ್ರಿಕಾ ಅಂದರೆ ಸಾಕು, ಅಲ್ಲಿ ಎಲ್ಲರೂ ಹಾಡುತ್ತಾರೆ, ಎಲ್ಲರೂ ಕುಣಿಯುತ್ತಾರೆ, ಹುಟ್ಟುವಾಗಲೇ ತಾಳ ಹೊತ್ತು ಬರುತ್ತಾರೆ ಅನ್ನುವ ಕತೆ. ಬಿಳಿಯರು ಕರಿಯರ ಬಗ್ಗೆ ಕಟ್ಟಿದ ಕತೆ ಇದು. ಕರಿಯರೊಂದಿಗೆ ನಂಟು ಹೇಳಿಕೊಳ್ಳುವ ದಲಿತ ಬರಹದಲ್ಲೂ ಇದು ತಪಾಸಣೆಯಿಲ್ಲದೆ ನುಸುಳಿಕೊಂಡಿದೆ. 1972ರಲ್ಲಿ ಮುಂಬಯಿಯ ತರುಣರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರನ್ನು ಎತ್ತಿಕೊಂಡು ದಲಿತ್ ಪ್ಯಾಂಥರ್ಸ್ ಕಟ್ಟಿದಂದಿನಿಂದ ಕರಿಯ ಅಂದರೆ ನಮಗೆ ಒಂದೇ ಮೈ, ಒಂದೇ ನೋವು. ಆ ಮೈಯೊಳಗೂ ಮೇಲು ಕೀಳು ಇದೆ, ಅದಕ್ಕೂ ಒಂದು ಊರು ಒಂದು ಕೇರಿ ಇದೆ ಅನ್ನುವುದನ್ನು ಒಬ್ಬ ಗಿಟಾರ್ ವಾದಕನ ಬದುಕನ್ನು ಇಟ್ಟುಕೊಂಡು ಇಲ್ಲಿ ನೋಡಬೇಕೆಂದಿದ್ದೇನೆ.

ಆತನ ಹೆಸರು ಅಲಿ ಫಾರ್ಕಾ ತೂರೆ. ಪಶ್ಚಿಮ ಆಫ್ರಿಕಾದ ಮಾಲಿ ದೇಶದವನು. ಹುಟ್ಟಿದ್ದು 1939ರಲ್ಲಿ, ನೈಜರ್ ನದಿಯ ದಂಡೆಯ ಒಂದು ಹಳ್ಳಿಯಲ್ಲಿ. ಸತ್ತದ್ದು 2006ರ ಮಾರ್ಚ್‌ನಲ್ಲಿ, ರಾಜಧಾನಿ ಬಮಾಕೊದಲ್ಲಿ, ಮೂಳೆ ಕ್ಯಾನ್ಸರಿನಿಂದ. ನಡುವಿನ ಅರವತ್ತಾರು ವರ್ಷಗಳಲ್ಲಿ ಆತ ಹೊಲದಲ್ಲಿ ದುಡಿದ, ಟ್ಯಾಕ್ಸಿ ಓಡಿಸಿದ, ನದಿಯ ಮೇಲೆ ದೋಣಿ ನಡೆಸಿದ, ರೇಡಿಯೋದಲ್ಲಿ ಸೌಂಡ್ ಇಂಜಿನಿಯರ್ ಆದ, ಕೊನೆಗೆ ತನ್ನೂರು ನಿಯಾಫುಂಕೆಯ ಮೇಯರ್ ಕೂಡ ಆದ. ಬದುಕಿದ್ದಾಗ ಎರಡು ಸಲ, ಸತ್ತ ಮೇಲೆ ಒಂದು ಸಲ ಗ್ರ್ಯಾಮಿ ಪ್ರಶಸ್ತಿ ಬಂತು. ಯುರೋಪು ಅಮೆರಿಕದ ಪತ್ರಿಕೆಗಳು ಆತನಿಗೆ ಇಟ್ಟ ಬಿರುದು 'ಆಫ್ರಿಕಾದ ಜಾನ್ ಲೀ ಹೂಕರ್'. ಅಮೆರಿಕದ ಕರಿಯರ ಬ್ಲೂಸ್ ಹಾಡಿನ ಬೇರು ಈತನ ಬೆರಳಲ್ಲಿದೆ ಅನ್ನುವುದು ಅವರ ಸಿದ್ಧಾಂತ. ಈ ಬೇರಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಹೆಸರು.

ಫಾರ್ಕಾ ಅಂದರೆ ಕತ್ತೆ. ತಾಯಿ ಹೆತ್ತ ಹತ್ತು ಗಂಡುಮಕ್ಕಳಲ್ಲಿ ಉಳಿದದ್ದು ಇವನೊಬ್ಬನೇ. ಹೀಗೆ ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದರೆ ಉಳಿದ ಕೂಸಿಗೆ ಒಂದು ಕೆಟ್ಟ ಹೆಸರು ಇಡುವುದು ಆ ಸೀಮೆಯ ಪದ್ಧತಿ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಅಂತಲೋ, ಕಲ್ಲ ಅಂತಲೋ, ಗುಂಡ ಅಂತಲೋ ಕರೆಸಿಕೊಂಡವರು ನಮ್ಮ ಪ್ರತಿ ಕೇರಿಯಲ್ಲೂ ಇದ್ದಾರೆ. ಸಾವು ಬಂದು ನೋಡಿದರೆ ಇದು ಒಯ್ಯಲು ಯೋಗ್ಯವಲ್ಲ ಅನ್ನಿಸಬೇಕು. ತಾನು ಕತ್ತೆಯೇ ಹೌದು, ಆದರೆ ಯಾರೂ ಹತ್ತಲಾಗದ ಕತ್ತೆ ಅಂತ ಆತ ಹೇಳಿಕೊಳ್ಳುತ್ತಿದ್ದ. ಈ ಹೆಸರು, ಓದಿಲ್ಲದ ಬಾಲ್ಯ, 1940ರಲ್ಲಿ ಫ್ರೆಂಚರ ಸೈನ್ಯದಲ್ಲಿ ಸತ್ತ ತಂದೆ, ಇವನ್ನೆಲ್ಲ ನೋಡಿದರೆ ಆತ ನಮ್ಮವನೇ ಅನ್ನಿಸುತ್ತದೆ. ಅಲ್ಲಿ ಸ್ವಲ್ಪ ನಿಲ್ಲಬೇಕು.

ಯಾಕೆಂದರೆ ಮಾಲಿಯಲ್ಲಿ ಜಾತಿ ಇದೆ. 'ಜಾತಿಯಂಥದ್ದು' ಅಲ್ಲ, ಹುಟ್ಟಿನಿಂದ ಕಸುಬು, ಕಸುಬಿನೊಳಗೇ ಮದುವೆ, ಆ ಮದುವೆಯ ಗೆರೆಯ ಮೇಲೆ ನಿಂತ ಮಾನ ಅವಮಾನ. ಮಾಂಡೆ ಜನರಲ್ಲಿ ಹೊರೋನ್ ಅಂದರೆ ಕುಲೀನರು, ಭೂಮಿ ಮತ್ತು ಖಡ್ಗ ಇದ್ದವರು. ನ್ಯಾಮಕಲಾ ಅಂದರೆ ಕಸುಬಿನವರು: ನುಮು ಕಮ್ಮಾರ, ಗರಾಂಕೆ ಚರ್ಮದ ಕೆಲಸದವನು, ಜೆಲಿ ಹಾಡುಗಾರ. ಈ ಜೆಲಿಗಳನ್ನೇ ಫ್ರೆಂಚರು ಗ್ರಿಯೋ ಅಂತ ಕರೆದರು. ಇವರೆಲ್ಲರ ಕೆಳಗೆ ಜೋನ್, ಅಂದರೆ ಗುಲಾಮರು ಮತ್ತು ಗುಲಾಮರ ಸಂತಾನ. ತಾಲ್ ತಮಾರಿ ಎಂಬ ಸಂಶೋಧಕಿ 1991ರಲ್ಲಿ ಬರೆದ ಪ್ರಬಂಧದ ಪ್ರಕಾರ ಕಸುಬುದಾರರ, ಹಾಡುಗಾರರ ಇಂಥ ಒಳಮದುವೆಯ ಗುಂಪುಗಳು ಪಶ್ಚಿಮ ಆಫ್ರಿಕಾದ ಹದಿನೈದಕ್ಕೂ ಹೆಚ್ಚು ಜನಾಂಗಗಳಲ್ಲಿವೆ. ಅಲಿಯ ಸೊಂಗಾಯ್ ಜನ, ಫುಲಾನಿ, ತುವಾರೆಗ್, ಡೊಗೊನ್ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ.

ನೆರೆಯ ಸೆನೆಗಲ್‌ನ ಒಂದು ಸಂಗತಿಯನ್ನು ಓದಿದಾಗ ನನಗೆ ಮೈ ಜುಮ್ ಅಂದಿತ್ತು. ಅಲ್ಲಿನ ಸೆರೆರ್ ಜನರಲ್ಲಿ ಗ್ರಿಯೋ ಸತ್ತರೆ ಹೆಣವನ್ನು ಮಣ್ಣು ಮಾಡುತ್ತಿರಲಿಲ್ಲ. ಮಣ್ಣು ಮಾಡಿದರೆ ಭೂಮಿ ಕೆಡುತ್ತದೆ, ಮಳೆ ಹೋಗುತ್ತದೆ, ಬೆಳೆ ಬರುವುದಿಲ್ಲ. ಅದಕ್ಕೆ ಪೊಳ್ಳು ಬಿದ್ದ ದೊಡ್ಡ ಬಾವೊಬಾಬ್ ಮರದ ಹೊಟ್ಟೆಯೊಳಗೆ ಹೆಣವನ್ನು ಇಟ್ಟುಬಿಡುತ್ತಿದ್ದರು. (ನಮ್ಮ ಸವಣೂರಿನ ದೊಡ್ಡಹುಣಸೆ ಮರಗಳು ಇದೇ ಜಾತಿಯವು.) ಈ ರೂಢಿ 1960ರ ದಶಕದವರೆಗೂ ನಡೆಯಿತು. ಸತ್ತವರಿಗೆ ಮೂರಡಿ ಜಾಗ ಕೇಳಿ ಹೆಣವನ್ನು ತಾಲ್ಲೂಕು ಕಚೇರಿಯ ಮುಂದೆ ಇಟ್ಟು ಕೂತ ನಮ್ಮ ಜನಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಹಾಗಂತ ಗ್ರಿಯೋ ಅಂದರೆ ಅಲ್ಲಿನ ಅಸ್ಪೃಶ್ಯ ಅಂತ ಗೆರೆ ಎಳೆದು ಕೂರುವುದು ಸೋಮಾರಿತನ. ಗ್ರಿಯೋ ದೊರೆಯ ಪಕ್ಕದಲ್ಲಿ ಕೂರುತ್ತಾನೆ, ದೊರೆಗೆ ಎದುರಾಡುತ್ತಾನೆ, ವಂಶಾವಳಿಯನ್ನು ನಾಲಗೆಯ ಮೇಲೆ ಇಟ್ಟುಕೊಂಡಿರುತ್ತಾನೆ, ಜಗಳ ಬಿಡಿಸುತ್ತಾನೆ, ಮದುವೆ ಕುದುರಿಸುತ್ತಾನೆ. ಹಣವೂ ಬರುತ್ತದೆ. ಇವತ್ತಿನ ಮಾಲಿಯ ದೊಡ್ಡ ದೊಡ್ಡ ಗಾಯಕ ಗಾಯಕಿಯರು ಆ ಮನೆತನಗಳಿಂದ ಬಂದವರು. ಆತನಿಗೆ ಇಲ್ಲದಿರುವುದು ಹೊರೋನ್ ಮನೆಯ ಹೆಣ್ಣು ಮತ್ತು ಬೇಡ ಅನ್ನುವ ಸ್ವಾತಂತ್ರ್ಯ. ಯಾರನ್ನು ಹೊಗಳಬೇಕು ಅನ್ನುವುದು ಆತ ಹುಟ್ಟುವ ಮುಂಚೆಯೇ ನಿಗದಿಯಾಗಿರುತ್ತದೆ. ನಮ್ಮ ಸ್ಥಿತಿಗೆ ಹೆಚ್ಚು ಹತ್ತಿರವಾದವರು ಗ್ರಿಯೋಗಳಿಗಿಂತ ಕೆಳಗಿನ ಗುಲಾಮ ಸಂತಾನದವರು. 2001ರಲ್ಲಿ ಡರ್ಬನ್ನಿನ ಜನಾಂಗಭೇದ ವಿರೋಧಿ ಸಮ್ಮೇಳನಕ್ಕೆ ದಲಿತರು ಹೋದಾಗ ಭಾರತ ಸರ್ಕಾರ ಜಾತಿಯ ಮಾತು ಅಲ್ಲಿ ಬರಕೂಡದು ಅಂತ ಹಟ ಹಿಡಿಯಿತು. ಮರುವರ್ಷವೇ ವಿಶ್ವಸಂಸ್ಥೆಯ ಜನಾಂಗಭೇದ ನಿರ್ಮೂಲನ ಸಮಿತಿ ಹುಟ್ಟನ್ನು ಆಧರಿಸಿದ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಅಂತ ಬರೆಯಿತು. ಅಂದರೆ ನಾನು ಇಲ್ಲಿ ಮಾಡುತ್ತಿರುವ ಹೋಲಿಕೆ ಬರೀ ಸಾಹಿತ್ಯದ ಚಪಲ ಅಲ್ಲ.

ಅಲಿ ಫಾರ್ಕಾ ಈ ಏಣಿಯಲ್ಲಿ ಎಲ್ಲಿದ್ದ? ಮೇಲೆ. 1591ರಲ್ಲಿ ಮೊರೊಕ್ಕೋದಿಂದ ಮರಳುಗಾಡು ದಾಟಿ ಬಂದು ಸೊಂಗಾಯ್ ಸಾಮ್ರಾಜ್ಯವನ್ನು ಮುರಿದ ಸೈನಿಕರ ಸಂತತಿಗೆ ಅರ್ಮಾ ಅನ್ನುತ್ತಾರೆ. ಆತ ಆ ಮೂಲದವನು. ಕುಲದಲ್ಲಿ ಮೇಲು, ಹೊಟ್ಟೆಯಲ್ಲಿ ಬಡವ. ಇದೇ ಆತನ ಬದುಕಿನ ಗಂಟು. ಮನೆಯವರು ಸಂಗೀತ ಬೇಡ ಅಂದದ್ದು ಸಂಗೀತ ಕೆಟ್ಟದ್ದು ಅಂತಲ್ಲ, ಅದು ಇನ್ನೊಬ್ಬರ ಕಸುಬು ಅಂತ. ಆತನನ್ನು ಹೊಗಳುವ ಬರಹಗಳೆಲ್ಲ 'ಮನೆಯವರ ವಿರೋಧವನ್ನು ಮೆಟ್ಟಿ ನಿಂತ' ಅಂತ ಒಂದು ವಾಕ್ಯದಲ್ಲಿ ಇದನ್ನು ದಾಟಿಬಿಡುತ್ತವೆ. ವಿರೋಧದ ಒಳಗೆ ಏನಿತ್ತು ಅಂತ ಕೇಳುವುದಿಲ್ಲ.

ಹಾಗಾದರೆ ಒಬ್ಬ ಕುಲೀನನ ಮಗನಿಗೆ ತಂತಿ ಮುಟ್ಟುವ ಅನುಮತಿ ಎಲ್ಲಿಂದ ಬಂತು? ಆತ ಹೇಳಿಕೊಂಡ ಕತೆಯಲ್ಲಿ ಅದನ್ನು ಕೊಟ್ಟದ್ದು ನದಿಯ ಭೂತಗಳು. ಹನ್ನೆರಡರ ಸುಮಾರಿಗೆ ಒಂಟಿ ತಂತಿಯ ಜೆರ್ಕೆಲ್ ವಾದ್ಯವನ್ನು ಆತನೇ ಮಾಡಿಕೊಂಡ. ಒಂದು ರಾತ್ರಿ ಭೂತಗಳ ದರ್ಶನ, ಆಮೇಲೆ ಹಾವು, ಆಮೇಲೆ ಮೈಮೇಲೆ ಬರುವ ಕಾಯಿಲೆ. ವಾಸಿ ಮಾಡಿಸಲು ಹೊಂಬೊರಿ ಎಂಬ ಊರಿಗೆ ಒಂದು ವರ್ಷ ಕಳಿಸಿದರಂತೆ. ಹಿಂದಿರುಗಿದ ಹುಡುಗ ನುಡಿಸತೊಡಗಿದ. ನೈಜರ್ ದಂಡೆಯಲ್ಲಿ ಭೂತಾರಾಧನೆಗೆ ನುಡಿಸುವ ಒಂಟಿ ತಂತಿಯ ಪಿಟೀಲು ನ್ಜಾರ್ಕಾವನ್ನೂ ಕಲಿತ. ಈ ಕತೆಯನ್ನು ಪಾಶ್ಚಾತ್ಯ ಲೇಖಕರು ನಿಗೂಢ ಆಫ್ರಿಕಾದ ರೋಚಕತೆಗಾಗಿ ಬರೆಯುತ್ತಾರೆ. ನನಗೆ ಅದು ತುಂಬ ಸಾಮಾಜಿಕವಾದ ಕತೆಯಾಗಿ ಕೇಳಿಸುತ್ತದೆ. ಕುಲ ಬೇಡ ಅಂದದ್ದನ್ನು ದೈವ ಬೇಕು ಅಂದರೆ ಕುಲ ಬಾಯಿ ಮುಚ್ಚಬೇಕಾಗುತ್ತದೆ. ದೇವರು ಮೈಮೇಲೆ ಬಂದಾಗ ಮಾತ್ರ ಗೌಡನಿಗೆ ಏಕವಚನದಲ್ಲಿ ಬಯ್ಯುವ ಅವಕಾಶ ನಮ್ಮ ಕೇರಿಯ ಹೆಂಗಸರಿಗೂ ಸಿಕ್ಕಿದೆಯಲ್ಲ, ಅಂಥದೇ ಒಂದು ಸಂದಿ ಇದು.

ಇನ್ನೊಂದು ಸಂದಿ ಗಿಟಾರ್. ಕೋರಾ ಎಂಬ ಇಪ್ಪತ್ತೊಂದು ತಂತಿಯ ವಾದ್ಯಕ್ಕೆ ಕುಲ ಇತ್ತು, ಅದು ಜೆಲಿಗಳದ್ದು. ಅವರ ಪುಟ್ಟ ತಂತಿವಾದ್ಯ ನ್ಗೋನಿಗೂ ಕುಲ ಇತ್ತು. ಗಿಟಾರ್ ಹಡಗಿನಲ್ಲಿ ಬಂದದ್ದು. ಅದನ್ನು ಮುಟ್ಟಬಾರದು ಅಂತ ಯಾವ ಪೂರ್ವಿಕನೂ ಹೇಳಿರಲಿಲ್ಲ, ಯಾಕೆಂದರೆ ಯಾವ ಪೂರ್ವಿಕನೂ ಅದನ್ನು ನೋಡಿರಲಿಲ್ಲ. ವಸಾಹತುಶಾಹಿ ತಂದ ವಸ್ತುಗಳಲ್ಲಿ ಕೆಲವಕ್ಕೆ ಈ ಗುಣ ಇದೆ. ಇಂಗ್ಲಿಷ್, ರೈಲಿನ ಮೂರನೇ ದರ್ಜೆ, ಬಾಬಾಸಾಹೇಬರ ಕೋಟು ಟೈ. ದೇಸಿವಾದಿಗಳು ಇದನ್ನು ಯಾವತ್ತೂ ಅರ್ಥ ಮಾಡಿಕೊಳ್ಳಲಿಲ್ಲ. 1956ರಲ್ಲಿ ಗಿನಿಯ ಕೇತಾ ಫೋದೆಬಾನ ನೃತ್ಯ ತಂಡ ಬಮಾಕೊಕ್ಕೆ ಬಂದಾಗ ಅಲಿ ಮೊದಲ ಸಲ ಗಿಟಾರನ್ನು ಸರಿಯಾಗಿ ಕೇಳಿದ. ತನ್ನ ಒಂಟಿ ತಂತಿಯ ವಿದ್ಯೆಯನ್ನು ಆರು ತಂತಿಗೆ ಹೊಂದಿಸತೊಡಗಿದ. 1960ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಮೊದಿಬೊ ಕೇತಾನ ಸಮಾಜವಾದಿ ಸರ್ಕಾರ ಜಿಲ್ಲೆ ಜಿಲ್ಲೆಗೂ ಕಲಾತಂಡ ಕಟ್ಟಿತು. 1962ರಿಂದ ಅಲಿ ನಿಯಾಫುಂಕೆಯ ತಂಡದಲ್ಲಿದ್ದ. ಸರ್ಕಾರಿ ವೇದಿಕೆಯ ಮೇಲೆ ಕುಲೀನನೂ ಗ್ರಿಯೋನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಕುಲೀನನೊಬ್ಬ ಭಿಕ್ಷೆಯ ಅವಮಾನವಿಲ್ಲದೆ ಹಾಡಲು ಸಾಧ್ಯವಾದದ್ದು ಪ್ರಭುತ್ವದ ಈ ವೇದಿಕೆಯಿಂದ. ಇದು ಆತನ ಪ್ರತಿಭೆಗೆ ಹೊರಗಿನ ಸಂಗತಿ. ಆತನ ಜೀವನಚರಿತ್ರೆಯಲ್ಲಿ ಇದಕ್ಕೆ ಸಿಗುವ ಜಾಗ ಮಾತ್ರ ತೀರಾ ಕಡಿಮೆ.

1968ರಲ್ಲಿ ಬಲ್ಗೇರಿಯಾದ ಸೋಫಿಯಾಕ್ಕೆ ಕಲಾ ಉತ್ಸವಕ್ಕೆ ಹೋದ ಅಲಿ ತನ್ನ ಮೊದಲ ಸ್ವಂತ ಗಿಟಾರ್ ಕೊಂಡದ್ದು ಅಲ್ಲೇ. ಸುಮಾರು ಅದೇ ಹೊತ್ತಿಗೆ ಬಮಾಕೊದ ಒಬ್ಬ ವಿದ್ಯಾರ್ಥಿ ಮಿತ್ರ ಆತನಿಗೆ ಜೇಮ್ಸ್ ಬ್ರೌನ್, ಓಟಿಸ್ ರೆಡಿಂಗ್, ಆಲ್ಬರ್ಟ್ ಕಿಂಗ್ ಮತ್ತು ಜಾನ್ ಲೀ ಹೂಕರ್ ತಟ್ಟೆಗಳನ್ನು ಕೇಳಿಸಿದ. ಹೂಕರ್ ಕೇಳಿ ಅಲಿಗೆ ಆಶ್ಚರ್ಯ. ಇದು ನಮ್ಮ ಸಂಗೀತ, ಇವನಿಗೆ ಹೇಗೆ ಸಿಕ್ಕಿತು ಅಂದನಂತೆ. ಆಮೇಲೆ ಜೀವನವಿಡೀ ಹೇಳಿದ ಮಾತು ಒಂದೇ: ಅಮೆರಿಕದ ಕರಿಯರ ಹತ್ತಿರ ಎಲೆ ಇದೆ, ಕೊಂಬೆ ಇದೆ. ಬೇರು ಬೊಡ್ಡೆ ನಮ್ಮ ಹತ್ತಿರ.

ಆತ ಹೂಕರ್‌ನಲ್ಲಿ ಕೇಳಿಸಿಕೊಂಡದ್ದು ಏನನ್ನು? ಬ್ಲೂಸ್ ಹಾಡಿಗೆ ಸಾಮಾನ್ಯವಾಗಿ ಹನ್ನೆರಡು ಮಾತ್ರಾಗಣಗಳ ಒಂದು ಚೌಕಟ್ಟು ಇರುತ್ತದೆ, ಅದರೊಳಗೆ ಮೂರು ಸ್ವರಮೇಳಗಳು ಸರದಿಯ ಮೇಲೆ ಬದಲಾಗುತ್ತವೆ. ಹೂಕರ್ ಈ ಸರದಿಯನ್ನು ಬಹಳ ಸಲ ಪಾಲಿಸುವುದೇ ಇಲ್ಲ. 1948ರ 'ಬೂಗಿ ಚಿಲನ್' ಕೇಳಿ: ಒಂದೇ ಸ್ವರಮೇಳ, ಕಾಲಿನಿಂದ ನೆಲಕ್ಕೆ ತಟ್ಟುವ ಪೆಟ್ಟು, ಮೇಲೆ ಮಾತೋ ಹಾಡೋ ಗೊತ್ತಾಗದ ದನಿ. ಅಲಿಯದ್ದೂ ಹೀಗೇ. ಹೆಬ್ಬೆರಳು ದಪ್ಪ ತಂತಿಯ ಒಂದು ಸ್ವರವನ್ನು ಹಿಡಿದು ಬಿಡುವುದೇ ಇಲ್ಲ, ನಮ್ಮ ಏಕತಾರಿಯ ಶ್ರುತಿಯ ಹಾಗೆ. ತೋರುಬೆರಳು ಮೇಲಿನ ತಂತಿಗಳಲ್ಲಿ ಐದು ಸ್ವರಗಳ ಸಣ್ಣ ಸಣ್ಣ ಸುತ್ತು ಹಾಕುತ್ತದೆ. ಹಾಡು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಆಳವಾಗುತ್ತದೆ. ಅದು ಜೆರ್ಕೆಲ್‌ನ ವ್ಯಾಕರಣ. ಅಲಿ ಗುರುತಿಸಿದ್ದು ಬ್ಲೂಸ್ ಎಂಬ ಇಡೀ ಪರಂಪರೆಯನ್ನಲ್ಲ, ಅದರೊಳಗಿನ ಒಬ್ಬ ಹಟಮಾರಿಯ ನಡೆಯನ್ನು.

ಇನ್ನು ಆತ ನಿಜಕ್ಕೂ ಬೆರೆಸಿದ್ದು ಏನನ್ನು ಅಂತ ಕೇಳಿದರೆ ಅಮೆರಿಕ ಬಹಳ ದೂರ ಉಳಿಯುತ್ತದೆ. ಸೊಂಗಾಯ್ ಭೂತಾರಾಧನೆಯ ಸುತ್ತುಗಳು, ಫುಲಾನಿ ದನಗಾಹಿಗಳ ಕೊಳಲಿನ ಎಳೆತ, ತುವಾರೆಗ್ ಮತ್ತು ಸೊಂಗಾಯ್ ಜನ ಹಂಚಿಕೊಂಡ ತಕಂಬಾದ ಜೋಲಿ ಹೊಡೆಯುವ ಲಯ, ದಕ್ಷಿಣದ ಬಂಬಾರಾ ಹಾಡು. ಒಂದೇ ನದಿಯ ನೀರು ಕುಡಿಯುವ, ಒಬ್ಬರನ್ನೊಬ್ಬರು ಅನುಮಾನಿಸುವ ಜನರ ದನಿಗಳು. 1994ರಲ್ಲಿ ತುವಾರೆಗ್ ಬಂಡಾಯದ ವಿರುದ್ಧ ಸೊಂಗಾಯ್ ಜನ 'ಗಂದಾ ಕೋಯ್' ಎಂಬ ಸೇನೆ ಕಟ್ಟಿ ತುವಾರೆಗ್ ಹಟ್ಟಿಗಳ ಮೇಲೆ ಬಿದ್ದರು. ಅದೇ ವರ್ಷ ಹೊರಬಂದ 'ಟಾಕಿಂಗ್ ಟಿಂಬಕ್ಟು' ತಟ್ಟೆಯಲ್ಲಿ ಈ ಸೊಂಗಾಯ್ ಮನುಷ್ಯ 'ಅಮಂದ್ರಾಯ್' ಎಂಬ ಹಾಡನ್ನು ತುವಾರೆಗರ ತಮಾಶೆಕ್ ಭಾಷೆಯಲ್ಲಿ ಹಾಡಿದ್ದಾನೆ. ಆ ತಟ್ಟೆಗೆ ಗ್ರ್ಯಾಮಿ ಬಂದದ್ದು ಅಮೆರಿಕದ ರೈ ಕೂಡರ್ ಜೊತೆಗಿದ್ದ ಕಾರಣಕ್ಕೆ, ಜಗತ್ತು ಅದನ್ನು ಬರೆದದ್ದು ಎರಡು ಖಂಡಗಳ ಮಿಲನ ಅಂತ. ಎರಡು ಖಂಡ ಬೆರೆಸುವುದು ಸುಲಭ. ಪಕ್ಕದ ಊರಿನವರ ಭಾಷೆಯಲ್ಲಿ ಹಾಡುವುದು ಕಷ್ಟ. ಆ ತಟ್ಟೆ ನನ್ನ ಕಿವಿಗೆ ಸ್ವಲ್ಪ ಹೆಚ್ಚು ನಯವಾಯಿತು. 1999ರಲ್ಲಿ ತನ್ನೂರಿನ ಪಾಳು ಕಟ್ಟಡವೊಂದರಲ್ಲಿ ಜನರೇಟರ್ ಇಟ್ಟುಕೊಂಡು, ಹೊಲದ ಕೆಲಸದ ನಡುವೆ ಬಿಡುವು ಸಿಕ್ಕಾಗ ಮುದ್ರಿಸಿದ 'ನಿಯಾಫುಂಕೆ' ಇದಕ್ಕಿಂತ ದೊಡ್ಡ ಕೃತಿ.

ಈಗ ಬೇರಿನ ಮಾತು. ಕೇಳಲು ಚೆನ್ನಾಗಿದೆ. ಕಳೆದುಹೋದ ಮಗ ಮನೆಯನ್ನು ಗುರುತಿಸಿದ ಹಾಗೆ. 2003ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಮಾಡಿದ ಸಾಕ್ಷ್ಯಚಿತ್ರದಲ್ಲಿ ಅಮೆರಿಕದ ಕರಿಯ ಗಾಯಕ ಕೋರಿ ಹ್ಯಾರಿಸ್ ಮಾಲಿಗೆ ಬಂದು ಅಲಿಯ ಎದುರು ಕೂತು ಕಲಿಯುತ್ತಾನೆ. ನೋಡಿದಾಗ ಕಣ್ಣು ತುಂಬುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಮಗ ಮನೆಯಿಂದ ತಪ್ಪಿಸಿಕೊಂಡು ಹೋದವನಲ್ಲ, ಮಾರಾಟವಾದವನು. ಹಡಗಿಗೆ ತುಂಬಿದವರು ಬಿಳಿಯರು. ಹಿಡಿದು ಕರಾವಳಿಗೆ ಸಾಗಿಸಿದವರಲ್ಲಿ ಒಳನಾಡಿನ ದೊರೆಗಳು, ಕುದುರೆ ಸವಾರರು, ಖಡ್ಗ ಹಿಡಿದ ಕುಲೀನರು ಇದ್ದರು. ಅಲಿಯ ಪೂರ್ವಿಕರೇ ಹೂಕರ್‌ನ ಪೂರ್ವಿಕರನ್ನು ಮಾರಿದರು ಅಂತ ನಾನು ಆರೋಪ ಹೊರಿಸುತ್ತಿಲ್ಲ. ನಾನು ಹೇಳುತ್ತಿರುವುದು ದನಿಯ ಬಗ್ಗೆ. ಬೊಡ್ಡೆ ನಮ್ಮದು, ನಿಮ್ಮದು ಬರೀ ಎಲೆ ಅನ್ನುವ ವಾಕ್ಯದಲ್ಲಿ ಒಡೆಯನ ದನಿ ಇದೆ. ಮಿಸಿಸಿಪ್ಪಿಯಲ್ಲಿ ಪಾಲಿಗೆ ಉಳುವವರ ಮನೆಯಲ್ಲಿ ಹುಟ್ಟಿ, ಡೆಟ್ರಾಯಿಟ್‌ನ ಫೋರ್ಡ್ ಕಾರ್ಖಾನೆಯಲ್ಲಿ ದುಡಿದು ಬಂದು ಸಂಜೆ ಹಾಡಿದ ಹೂಕರ್, ಆ ಹೊಲ ಮತ್ತು ಆ ಕಾರ್ಖಾನೆಯಿಂದ ಏನೂ ಮಾಡಲಿಲ್ಲವೇ? ಬೇರಿಗೆ ಎಲ್ಲ ಶ್ರೇಯಸ್ಸು ಕೊಟ್ಟರೆ ನಡುವಿನ ಮುನ್ನೂರು ವರ್ಷಗಳ ಬೆವರು ಲೆಕ್ಕದಿಂದಲೇ ಹೋಗುತ್ತದೆ. ಎಲ್ಲದರ ಬೇರೂ ವೇದದಲ್ಲಿದೆ ಅನ್ನುವ ಪಂಡಿತರ ನಡುವೆ ಬೆಳೆದ ನಮಗೆ ಬೇರಿನ ರಾಜಕಾರಣ ಹೇಗಿರುತ್ತದೆ ಅಂತ ಗೊತ್ತು. ವಚನದ ಬೇರು ಉಪನಿಷತ್ತಿನಲ್ಲಿದೆ ಅಂದಾಗ ಮಾದಾರ ಚೆನ್ನಯ್ಯ ಎಲ್ಲಿ ಉಳಿದ?

ದಾಟುವುದು ಅನ್ನುವ ಶಬ್ದವನ್ನೂ ಹೀಗೇ ಬಿಡಿಸಿ ನೋಡಬೇಕು. ಮೇಲಿನವನು ಕೆಳಗಿನವನ ಕಸುಬು ಹಿಡಿದರೆ ಅದು ಬಂಡಾಯ. ಮಾಲಿಯಲ್ಲೇ ಇನ್ನೊಂದು ಉದಾಹರಣೆ ಇದೆ. ಸಾಮ್ರಾಟ ಸುಂಜಾತಾನ ವಂಶದ ಸಾಲಿಫ್ ಕೇತಾ ಬಿಳಿಚರ್ಮದ ಕಾಯಿಲೆಯೊಂದಿಗೆ ಹುಟ್ಟಿ, ಮನೆಯವರಿಂದ ತಿರಸ್ಕೃತನಾಗಿ, ಗಾಯಕನಾದ. 1970ರಲ್ಲಿ ಬಮಾಕೊದ ರೈಲ್ವೆ ಸ್ಟೇಷನ್ ಹೋಟೆಲಿನ 'ರೈಲ್ ಬ್ಯಾಂಡ್' ಸೇರಿದ. ಆತನ ಕತೆ ಜಗತ್ತಿಗೆಲ್ಲ ಗೊತ್ತು. ಅದೇ ರೈಲ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಜೆಲಿಮಾಡಿ ತುಂಕಾರಾ ಗ್ರಿಯೋ ಮನೆತನದವನು. ನ್ಗೋನಿಯ ಓಟವನ್ನು, ಕ್ಯೂಬಾದ ನೃತ್ಯಲಯವನ್ನು, ಜಾಜನ್ನು ಒಂದೇ ತಂತಿಯ ಮೇಲೆ ತಂದ ಗಾರುಡಿಗ. ಬೆರಕೆಯ ದೃಷ್ಟಿಯಿಂದ ನೋಡಿದರೆ ಅಲಿಗಿಂತ ಒಂದು ಕೈ ಮೇಲೆಯೇ. ಆದರೆ ಆತನ ಬದುಕು ಕತೆಯಾಗಲಿಲ್ಲ. ಯಾಕೆ? ಆತ ಮಾಡಿದ್ದು ತನ್ನ ಕುಲದ ಕೆಲಸ ಅಲ್ಲವೇ! ಕುಲೀನನ ಬೆರಳಲ್ಲಿ ಇರುವುದು ಪ್ರತಿಭೆ, ಗ್ರಿಯೋನ ಬೆರಳಲ್ಲಿ ಇರುವುದು ವಂಶವಾಹಿ. ನಮ್ಮ ಜಾನಪದ ಅಧ್ಯಯನದಲ್ಲಿ ಇದಕ್ಕೊಂದು ಮರ್ಯಾದಸ್ತ ಪದ ಇದೆ: ವಕ್ತ್ರ. ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡಿದ ನೀಲಗಾರ ಕವಿಯಲ್ಲ, ವಕ್ತ್ರ. ಅದನ್ನು ಬರೆದುಕೊಂಡವನ ಹೆಸರು ಪುಸ್ತಕದ ಮೇಲೆ.

ಕೆಳಗಿನವನಿಗೆ ಬೇಕಾದದ್ದು ಬೇರೆ. ನಮ್ಮ ತಾತ ತಮಟೆಯವರು. ಊರಿನ ಹೆಣ, ಊರಿನ ಜಾತ್ರೆ, ಊರಿನ ಡಂಗುರ, ಎಲ್ಲಕ್ಕೂ ಹೋಗಲೇಬೇಕು. ಕೂಲಿ ಅಂದರೆ ಸೆರಗಿಗೆ ಎತ್ತಿ ಹಾಕಿದ ರಾಗಿ. ಎಪ್ಪತ್ತರ ದಶಕದ ಕೊನೆಗೆ ಸಂಘರ್ಷ ಸಮಿತಿಯವರು ಕೇರಿಗೆ ಬಂದು ಸತ್ತ ದನ ಹೊರಬೇಡಿ, ತಮಟೆ ಬಡಿಯಬೇಡಿ ಅಂದಾಗ ಅಪ್ಪ ತಮಟೆಯನ್ನು ಅಟ್ಟಕ್ಕೆ ಎಸೆದರು. ಊರು ನಮಗೆ ಅಂಗಡಿ ಸಾಮಾನು ಕೊಡುವುದನ್ನು ನಿಲ್ಲಿಸಿತು. ಕೆಲವೇ ವರ್ಷಗಳಲ್ಲಿ ಅದೇ ಸಮಿತಿಯ ಜಾಥಾಗಳಲ್ಲಿ ಸಿದ್ಧಲಿಂಗಯ್ಯನವರ ಹಾಡಿಗೆ ತಮಟೆ ಬಂತು. ಅಟ್ಟದಿಂದ ಇಳಿಸಿ ಕಾಯಿಸಿದವರು ಅಪ್ಪನೇ. ಇದರಲ್ಲಿ ವಿರೋಧಾಭಾಸ ಕಾಣುವವರಿಗೆ ತಮಟೆ ಯಾರು ಬಡಿಸುತ್ತಿದ್ದಾರೆ ಅನ್ನುವ ಪ್ರಶ್ನೆ ಹೊಳೆದೇ ಇಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಈಗ ಮೇಲುಜಾತಿಯ ಹುಡುಗ ಹುಡುಗಿಯರೂ ಶಿಬಿರಗಳಲ್ಲಿ ತಮಟೆ ಕಲಿಯುತ್ತಾರೆ. ಕಲಿಯಲಿ. ಅಲಿ ಫಾರ್ಕಾನ ಹಾಗೆ ಅವರಿಗೆ ಹಿಡಿಯುವ ಸ್ವಾತಂತ್ರ್ಯ ಇದೆ. ಕೇರಿಯ ಹುಡುಗನಿಗೆ ಬಿಡುವ ಸ್ವಾತಂತ್ರ್ಯ ಇದೆಯಾ ಅನ್ನುವುದು ಆಯಾ ಊರಿಗೆ ಹೋಗಿ ಕೇಳಬೇಕಾದ ಮಾತು.

ಅಲಿ ತನ್ನನ್ನು ಸಂಗೀತಗಾರ ಅನ್ನುತ್ತಿರಲಿಲ್ಲ, ರೈತ ಅನ್ನುತ್ತಿದ್ದ. ಗ್ರ್ಯಾಮಿ ಬಂದ ಮೇಲೆ ಯುರೋಪಿನ ಸುತ್ತಾಟ ಬಿಟ್ಟು ನಿಯಾಫುಂಕೆಯಲ್ಲಿ ಭತ್ತ ಬೆಳೆದ. ನದಿಯಿಂದ ಪಂಪ್ ಹಾಕಿಸಿದ. 2004ರಲ್ಲಿ ಮೇಯರ್ ಆಗಿ ಸ್ವಂತ ದುಡ್ಡಿನಿಂದ ರಸ್ತೆ ಸರಿ ಮಾಡಿಸಿದ, ಚರಂಡಿ ತೆಗೆಸಿದ, ಕರೆಂಟಿಗೆ ಜನರೇಟರ್ ತಂದ. ಇಷ್ಟು ಮಾಡಿದ ಕಲಾವಿದ ನಮ್ಮಲ್ಲಿ ಯಾರಿದ್ದಾರೆ ಹೇಳಿ. ಆದರೂ 'ರೈತ' ಅನ್ನುವ ಪದ ಬಂದಾಗ ನನ್ನ ಕಿವಿ ನೆಟ್ಟಗಾಗುತ್ತದೆ. ಎಂಬತ್ತರ ದಶಕದಲ್ಲಿ ರೈತಸಂಘ ಮತ್ತು ದಲಿತ ಸಂಘರ್ಷ ಸಮಿತಿಯ ನಡುವೆ ಇದೇ ಪದದ ಮೇಲೆ ಎಷ್ಟು ವಾಗ್ವಾದ ನಡೆಯಿತು. ಐವತ್ತು ಎಕರೆಯವನೂ ರೈತ, ಅವನ ಹೊಲದ ಕೂಲಿಯೂ ರೈತ. ನೈಜರ್ ನದಿಯ ಬಾಗಿನಲ್ಲಿ ಭೂಮಿ ಬಹುಮಟ್ಟಿಗೆ ಕುಲೀನ ಮನೆತನಗಳದ್ದು. ಫುಲಾನಿಗಳ ನಡುವೆ ರಿಮಾಯ್ಬೆ ಎಂದು ಕರೆಸಿಕೊಳ್ಳುವ ಗುಲಾಮ ಸಂತಾನದವರು ತಲೆಮಾರುಗಳಿಂದ ಪಾಲಿಗೆ ಉಳುತ್ತಾ ಬಂದವರು. ತುವಾರೆಗರ ಗುಲಾಮರಾಗಿದ್ದ ಕರಿಯ ಜನ 2006ರಲ್ಲಿ, ಅಂದರೆ ಅಲಿ ಸತ್ತ ವರ್ಷ, 'ತೆಮೆಡ್ಟ್' ಎಂಬ ಸಂಘಟನೆ ಕಟ್ಟಿ ಹುಟ್ಟಿನ ಗುಲಾಮಗಿರಿಯ ವಿರುದ್ಧ ಎದ್ದರು. ಅದನ್ನು ಶಿಕ್ಷಾರ್ಹ ಅಪರಾಧ ಮಾಡಲು ಮಾಲಿ ದೇಶಕ್ಕೆ 2024ರ ಹೊಸ ದಂಡಸಂಹಿತೆಯವರೆಗೆ ಕಾಲ ಬೇಕಾಯಿತು. ದುಡಿಮೆಯನ್ನು, ಮಣ್ಣನ್ನು ಇಷ್ಟು ಪ್ರೀತಿಯಿಂದ ಹಾಡಿದ ಅಲಿಯ ಸಂಗೀತದಲ್ಲಿ ಈ ಜನರ ದನಿಗಾಗಿ ನಾನು ಹುಡುಕುತ್ತಲೇ ಇದ್ದೇನೆ.

ಆತನ ಕೊನೆಯ ವರ್ಷಗಳ ಒಂದು ತಟ್ಟೆ ಮಾತ್ರ ನನ್ನ ಈ ಎಲ್ಲ ತಕರಾರನ್ನು ಒಂದು ಗಳಿಗೆ ಸುಮ್ಮನಾಗಿಸುತ್ತದೆ. 2004ರಲ್ಲಿ ಬಮಾಕೊದ ಹೋಟೆಲ್ ಮಾಂಡೆಯಲ್ಲಿ, ನೈಜರ್ ನದಿಗೆ ಮುಖ ಮಾಡಿ, ತಾಲೀಮಿಲ್ಲದೆ ಕೂತು ಅಲಿ ಮತ್ತು ಕೋರಾ ವಾದಕ ತುಮಾನಿ ದಿಯಾಬಾತೆ ನುಡಿಸಿದ 'ಇನ್ ದ ಹಾರ್ಟ್ ಆಫ್ ದ ಮೂನ್'. ತುಮಾನಿ ಜೆಲಿ. ತನ್ನ ಮನೆಯಲ್ಲಿ ಎಪ್ಪತ್ತೊಂದು ತಲೆಮಾರಿನಿಂದ ಈ ವಿದ್ಯೆ ಇದೆ ಅನ್ನುತ್ತಿದ್ದವನು. ರೂಢಿಯ ಪ್ರಕಾರ ಜೆಲಿ ನುಡಿಸಬೇಕು, ಕುಲೀನ ಕೂತು ಕೇಳಿ ಹಣ ಎಸೆಯಬೇಕು. ಇಲ್ಲಿ ಹೆಚ್ಚಿನ ಕಡೆ ಅಲಿ ಒಂದೇ ಸುತ್ತನ್ನು ಹಿಡಿದು ಹಿಂದೆ ನಿಲ್ಲುತ್ತಾನೆ. ಕೋರಾ ಅದರ ಮೇಲೆ ಬೇಕಾದ ಹಾಗೆ ಹಾರಾಡುತ್ತದೆ. ಕುಲೀನನ ಮಗ ಗ್ರಿಯೋನ ಮಗನಿಗೆ ತಾಳ ಹಿಡಿದು ಕೂತಿದ್ದಾನೆ. ಮೊದಲ ಗಳಿಗೆಯಿಂದ ಕೊನೆಯವರೆಗೆ ಅದರಲ್ಲಿ ಧಣಿತನದ ಒಂದು ಸ್ವರ ಇಲ್ಲ.

ಆದರೆ ಇದನ್ನೇ ಜಾತಿವಿನಾಶ ಅಂತ ಕರೆಯಲು ನಾನು ಸಿದ್ಧನಿಲ್ಲ. ಅಂಬೇಡ್ಕರ್ 1916ರಲ್ಲಿ ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ತಿರುಳು ಒಳಮದುವೆ ಅಂತ ತೋರಿಸಿಕೊಟ್ಟರು. ಮುಟ್ಟು ಮೈಲಿಗೆ, ಕಸುಬು, ಊಟ ಎಲ್ಲ ಅದರ ಸುತ್ತ ಕಟ್ಟಿದ ಗೋಡೆ. ಆ ಮಾನದಂಡ ನೈಜರ್ ದಂಡೆಗೂ ಸಲ್ಲುತ್ತದೆ. ಸ್ವರಕ್ಕೆ ಸ್ವರ ಕೊಟ್ಟು ತಂದದ್ದಾಯಿತು, ಹೆಣ್ಣು ಕೊಟ್ಟು ತರುವ ಗೆರೆ ಇದ್ದಲ್ಲೇ ಇದೆ. ಬೆರಕೆ ಸಂಗೀತವನ್ನು ಕೊಂಡಾಡುವ ಕಂಪೆನಿಗಳಿಗೆ ಈ ಗೆರೆ ಒಂದು ಬಂಡವಾಳ ಕೂಡ: ಎಪ್ಪತ್ತೊಂದು ತಲೆಮಾರು ಅನ್ನುವುದು ತಟ್ಟೆಯ ರಟ್ಟಿನ ಮೇಲೆ ಚೆನ್ನಾಗಿ ಮಾರಾಟವಾಗುತ್ತದೆ.

2012ರಲ್ಲಿ ಉತ್ತರ ಮಾಲಿ ಜಿಹಾದಿಗಳ ಕೈಗೆ ಹೋಯಿತು. ನಿಯಾಫುಂಕೆಯೂ ಹೋಯಿತು. ಸಂಗೀತ ನಿಷೇಧವಾಯಿತು. ವಾದ್ಯ ಸುಡುವಾಗ ಅವರು ಇದು ಕುಲೀನನದೋ ಜೆಲಿಯದೋ ಅಂತ ವಿಚಾರಿಸಲಿಲ್ಲ. ಅಲಿಯ ಜೊತೆ ತಾಳವಾದ್ಯ ನುಡಿಸುತ್ತಿದ್ದ ಉಮರ್ ತೂರೆಯ ಮಗ ಗರ್ಬಾ ಗಿಟಾರ್ ಹೊತ್ತು ಬಮಾಕೊಕ್ಕೆ ಓಡಿಬಂದು, ತನ್ನಂತೆ ಓಡಿಬಂದವರನ್ನು ಕೂಡಿಕೊಂಡು 'ಸೊಂಗಾಯ್ ಬ್ಲೂಸ್' ಎಂಬ ತಂಡ ಕಟ್ಟಿದ.

ಅಲಿಯ ಮಗ ವ್ಯೂ ಫಾರ್ಕಾ ತೂರೆಯ ಕತೆಯೂ ಇದೆ. ತಾನು ಮನೆಯವರನ್ನು ಮೀರಿ ಗಿಟಾರ್ ಹಿಡಿದ ಅಲಿ, ಮಗ ಹಿಡಿಯಬಾರದು ಅಂದ. ಸಿಪಾಯಿಯಾಗು ಅಂದ. ಧ್ವನಿಮುದ್ರಿಕೆಯ ವ್ಯಾಪಾರದಲ್ಲಿ ತಾನು ತಿಂದ ಪೆಟ್ಟು ಮಗನಿಗೆ ಬೇಡ ಅಂತ. ಮಗ ಅಪ್ಪನಿಗೆ ತಿಳಿಯದಂತೆ ಕಲಿತ, ಬಮಾಕೊದ ಕಲಾಶಾಲೆಗೆ ಸೇರಿದ. ಅವನನ್ನು ತನ್ನ ರೆಕ್ಕೆಯಡಿ ಇಟ್ಟುಕೊಂಡು, ಅಪ್ಪ ಮಗನ ನಡುವೆ ಮಾತಾಡಿದವನು ತುಮಾನಿ. 2007ರಲ್ಲಿ ಹೊರಬಂದ ಮಗನ ಮೊದಲ ತಟ್ಟೆಯಲ್ಲಿ ಕಾಯಿಲೆಯ ಅಲಿ ಎರಡು ಹಾಡುಗಳಿಗೆ ನುಡಿಸಿದ್ದಾನೆ. ತುಮಾನಿಯ ಕೋರಾ ಇರುವ ಎರಡು ಕೃತಿಗಳೂ ಅದರಲ್ಲಿವೆ. ಒಂದರ ಹೆಸರು 'ತೂರೆ ದ ನಿಯಾಫುಂಕೆ'. ಇನ್ನೊಂದಕ್ಕೆ ಆ ಹುಡುಗ ಗ್ರಿಯೋ ಮನೆತನದ ಹೆಸರನ್ನೇ ಇಟ್ಟಿದ್ದಾನೆ: 'ದಿಯಾಬಾತೆ'.